ಒಂದಿಂಚಿನ ಪಾಲು

೧೯೮೯ ನವೆಂಬರ್ ೧೨, ಭಾನುವಾರ. ಬೆಳಿಗ್ಗೆ ೯ ಗಂಟೆ ೧೦ ನಿಮಿಷಕ್ಕೆ ಬರೆಯಲು ಕುಳಿತೆ.

ಕಳೆದ ತಿಂಗಳ ಭೂಕಂಪದಲ್ಲಿ ಕಪಾಟಿನಿಂದ ಬಿದ್ದ ಸಾಮಾನುಗಳನ್ನು ಜೋಡಿಸುವ ಕೆಲಸ ಇನ್ನೂ ಮುಗಿದಿಲ್ಲ. ಬಿದ್ದವು ನಲವತ್ತೊಂದು, ಒಡೆದವು ಆರು, ಪಟ್ಟಿ ಮಾಡಿದ್ದೇನೆ. ಇವತ್ತು ಮೂವತ್ತೆಂಟನೆಯದನ್ನು ಕೈಗೆತ್ತಿಕೊಂಡಾಗ ಕೆಲಸ ಅಲ್ಲಿಗೇ ನಿಂತಿತು. ಅದೊಂದು ಮರದ ತುಂಡು. ಅಂಗೈಯಷ್ಟು ಉದ್ದ, ಒಂದಿಂಚು ದಪ್ಪ, ಸ್ಕ್ರೂ ಕೂರಿಸಿದ್ದ ಎರಡು ತೂತು. ಮೂಗಿನ ಹತ್ತಿರ ಹಿಡಿದರೆ ಈಗಲೂ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ. ಬೇಟೆ ಕೋವಿಯ ಹಿಂತುದಿಯಿಂದ, ಅಂದರೆ ಹೆಗಲಿಗೆ ಒತ್ತಿಕೊಳ್ಳುವ ಕಡೆಯಿಂದ, ಗರಗಸದಲ್ಲಿ ಕೊಯ್ದು ತೆಗೆದದ್ದು. ಹಾಸನದ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದ, ಮೊಟ್ಟೆ ಹಾಕಿದ ಕೇಕನ್ನೂ ವಿಚಾರಿಸಿಯೇ ತಿನ್ನುವ ನನ್ನಂಥವನ ಕಪಾಟಿಗೆ ಇದು ಹೇಗೆ ಬಂತು ಎಂದು ನೀವು ಕೇಳುವುದು ಸಹಜ.

ಆರು ವರ್ಷದ ಹಿಂದೆ ನಾನು ಅಮೆರಿಕದ ಸ್ಯಾನ್ ಮಟಿಯೋದ ಒಂದು ಅಪಾರ್ಟ್‌ಮೆಂಟಿನ ಮೇಲ್ಮಹಡಿಯಲ್ಲಿದ್ದೆ. ವಯಸ್ಸು ಇಪ್ಪತ್ನಾಲ್ಕು. ಕೆಳಗಿನ ಮನೆಯಲ್ಲಿ ಬೆಳ್ತಂಗಡಿ ಕಡೆಯ ವಲೇರಿಯನ್ ಅಂಕಲ್ ಮತ್ತು ಹಿಲ್ಡಾ ಆಂಟಿ. ಅಂಕಲ್‌ಗೆ ರೆಡ್‌ವುಡ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಆಂಟಿ ಒಂದು ಲಾಂಡ್ರಿ ಅಂಗಡಿಯ ಮೂಲೆಯಲ್ಲಿ ಕೂತು ಬಟ್ಟೆ ಆಲ್ಟರ್ ಮಾಡುತ್ತಿದ್ದರು. ಅವರಿಬ್ಬರೂ ತಮ್ಮೊಳಗೆ ಕೊಂಕಣಿ, ನನ್ನೊಡನೆ ಮಂಗಳೂರು ಕನ್ನಡ. ಅಂಕಲ್ ಐದಡಿ ಎರಡಿಂಚಿನ ಮನುಷ್ಯ. ಅಮೆರಿಕದಲ್ಲಿ ಅವರ ಅಳತೆಯ ಅಂಗಿ ಸಿಗುವುದು ಹುಡುಗರ ವಿಭಾಗದಲ್ಲಿ. ಅಲ್ಲಿಗೆ ಹೋಗಲು ನಾಚಿಕೆಯಾಗಿ ಅವರು ದೊಡ್ಡವರ ಅಂಗಿಯನ್ನೇ ತರುತ್ತಿದ್ದರು, ಆಂಟಿ ತೋಳು ಕತ್ತರಿಸಿ ಕೊಡುತ್ತಿದ್ದರು. ಈ ಸಂಗತಿಯನ್ನು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ಅಂಕಲ್‌ನ ಜೊತೆ ಕೆಲಸ ಮಾಡುತ್ತಿದ್ದ ಡೇಲ್ ಎಂಬವನಿಗೆ ಹಾಲಿಸ್ಟರ್‌ನ ಆಚೆ ಗುಡ್ಡಗಳಲ್ಲಿ ತಂದೆಯ ಕಾಲದ ರ‍್ಯಾಂಚು ಇತ್ತು. ಅಲ್ಲಿ ಕಾಡುಹಂದಿಗಳ ಕಾಟ. ಪ್ರತಿ ವಸಂತದಲ್ಲಿ ನಾಲ್ಕೈದು ಜನ ಬೇಟೆಗೆ ಹೋಗುವಾಗ ಅಂಕಲನ್ನೂ ಕರೆದುಕೊಂಡು ಹೋಗುತ್ತಿದ್ದರು, ಮಾಂಸ ಕೊಯ್ಯಲು ಮತ್ತು ಅಡುಗೆ ಮಾಡಲು. ವಾಪಸು ಬರುವಾಗ ಡೇಲ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಾಂಸ ಕೊಡುತ್ತಿದ್ದ. ಪ್ರೀತಿಯಿಂದಲೇ ಕೊಡುತ್ತಿದ್ದ, ಅದರಲ್ಲಿ ಸಂಶಯವಿಲ್ಲ.

೧೯೮೩ರ ಮಾರ್ಚ್ ೨೬ರ ಸಂಜೆ ಅಂಕಲ್ ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದರು.

“ನೋಡು ಮಾರಾಯ, ಡೇಲ್ ಜೂನ್‌ನಲ್ಲಿ ಜಾಗ ಮಾರ್ತಾನಂತೆ. ಈ ಸಲದ್ದೇ ಕಡೇದು. ನನಗೊಂದು ಕೋವಿ ಬೇಕು. ನೀನು ಕಾಗದದಲ್ಲಿ ಗೆರೆ ಎಲ್ಲ ಎಳೆದು ಲೆಕ್ಕ ಮಾಡ್ತೀಯಲ್ಲ, ಒಳ್ಳೇದು ಯಾವುದೂಂತ ಹೇಳು. ಇನ್ನೂರು ಡಾಲರಿನ ಒಳಗೆ.”

“ಅಂಕಲ್, ನಾನು ಸೊಳ್ಳೆ ಹೊಡೆದ್ರೂ ಕೈ ತೊಳ್ಕೊಳ್ಳೋನು. ನನ್ನ ಕೇಳ್ತೀರಲ್ಲ!”

“ಹೊಡೀಲಿಕ್ಕೆ ನಿನ್ನನ್ನು ಯಾರು ಕರೆದದ್ದು? ಹೊಡೆಯುವವ ನಾನು.” ಆಮೇಲೆ ದನಿ ತಗ್ಗಿಸಿದರು. “ನನ್ನ ಅಪ್ಪ ಹಂದಿ ಹೊಡೆದ್ರೆ ಅಂಗಳದಲ್ಲಿ ಪಾಲು ಹಾಕ್ತಿದ್ದರು. ಹೊತ್ತವನಿಗೆ, ಹೆಜ್ಜೆ ನೋಡಿದವನಿಗೆ, ನಾಯಿಗೆ ಸಹ. ಹೊಡೆದವನದ್ದು ಕೊನೆಗೆ. ಇಲ್ಲಿ ಏಳು ವರ್ಷ ನಾನು ಚೀಲ ಹಿಡ್ಕೊಂಡು ಬಂದೆ. ಒಂದು ಸಲ ನಾನು ಹಂಚಬೇಕು. ಅಷ್ಟೇ.”

ಆ ‘ಅಷ್ಟೇ’ ಎಂಬ ಮಾತಿಗೆ ನಾನು ಒಪ್ಪಿದೆ. ಮುಂದಿನ ಹನ್ನೊಂದು ದಿನ ಲೈಬ್ರರಿಯಲ್ಲಿ ಬೇಟೆಯ ಪುಸ್ತಕ, ಪತ್ರಿಕೆ, ಅಂಗಡಿಗಳ ಕ್ಯಾಟಲಾಗು ಓದಿ ಎಂಟು ಕಾಲಮಿನ ಪಟ್ಟಿ ತಯಾರಿಸಿದೆ. ಬೇಕಾದದ್ದು ಚಿಲಕದ ಕೋವಿ. ಪ್ರತಿ ಗುಂಡಿನ ನಂತರ ಬಾಗಿಲ ಅಗುಳಿಯಂತೆ ಚಿಲಕವನ್ನು ಎತ್ತಿ, ಎಳೆದು, ಮತ್ತೆ ತಳ್ಳಿದರೆ ಹೊಸ ತೋಟೆ, ಅಂದರೆ ಕಾರ್ಟ್ರಿಜ್, ಕೂರುತ್ತದೆ. ಅಗ್ಗ, ಗಟ್ಟಿ, ಕೆಡುವುದು ಕಡಿಮೆ. ಕಷ್ಟವಿದ್ದದ್ದು ತೋಟೆಯ ಆಯ್ಕೆಯಲ್ಲಿ. ಒಂದೊಂದು ಅಳತೆಯ ತೋಟೆಗೂ ಬೇರೆ ಬೇರೆ ಕೋವಿ, ತೋಟೆಯ ಹೆಸರೇ ಕೋವಿಗೂ. ಅಂಕಲ್‌ಗೆ ಕಾಲೇಜಿನ ಕೆಡೆಟ್ ದಿನಗಳ ತ್ರೀ-ನಾಟ್-ತ್ರೀ ಮೇಲೆ ಮೋಹ. ಹಳೆಯ ಸೈನ್ಯದ ಮಾಲು ಅಗ್ಗವಾಗಿ ಸಿಗುತ್ತಿತ್ತು, ಆದರೆ ನಾವು ನೋಡಿದ ಮೂರರಲ್ಲಿ ಮೂರರದ್ದೂ ನಳಿಗೆ ಒಳಗೆ ಸವೆದಿತ್ತು. ತರ್ಟಿ-ಆಟ್-ಸಿಕ್ಸ್ ಬಲವಾದದ್ದು, ಹೆಗಲಿಗೆ ಒದೆಯುವುದೂ ಬಲವಾಗಿಯೇ. ಟೂ-ಫಾರ್ಟಿ-ತ್ರೀ ಮೃದು, ಜಿಂಕೆಗೆ ಧಾರಾಳವಾಯಿತು, ಹಂದಿಯ ದಪ್ಪ ಭುಜಕ್ಕೆ ಅದರ ಗುಂಡು ಹಗುರ. ನಡುವೆ ಇದ್ದದ್ದು ತ್ರೀ-ನಾಟ್-ಎಯ್ಟ್. ಸಾಕಷ್ಟು ಬಲ, ತಡೆಯಬಹುದಾದ ಒದೆತ, ಎಲ್ಲ ಅಂಗಡಿಯಲ್ಲೂ ಸಿಗುವ ತೋಟೆ. ಎಂಟು ಕಾಲಮಿನಲ್ಲಿ ಐದರಲ್ಲಿ ಅದೇ ಗೆದ್ದಿತು. ಅಂಕಲ್ ಬೇಟೆಯ ತರಗತಿಗೆ ಹೋಗಿ ಲೈಸೆನ್ಸ್ ಪಡೆದರು. ಏಪ್ರಿಲ್ ೯ರಂದು ಒಂದು ಸೆಕೆಂಡ್‌ಹ್ಯಾಂಡ್ ಕೋವಿ, ದೂರದರ್ಶಕದ ಸಮೇತ, ಬಜೆಟ್ಟಿನೊಳಗೇ ಸಿಕ್ಕಿತು. ವಾಲ್‌ನಟ್ ಮರ, ಚೆನ್ನಾಗಿ ನೋಡಿಕೊಂಡದ್ದು. ಆ ಸಂಜೆ ನನ್ನ ಹೆಮ್ಮೆ ಅಂಕಲ್‌ನ ಹೆಮ್ಮೆಗಿಂತ ಹೆಚ್ಚಾಗಿತ್ತು ಎಂದು ನನ್ನ ಆ ದಿನದ ಡೈರಿಯೇ ಹೇಳುತ್ತದೆ.

ಡೇಲ್‌ನ ನಿಯಮ ಒಂದೇ. ನೂರು ಗಜ ದೂರದಲ್ಲಿಟ್ಟ ಊಟದ ಕಾಗದದ ತಟ್ಟೆಗೆ ಐದು ಗುಂಡಿನಲ್ಲಿ ಐದೂ ಬೀಳಬೇಕು. ಇಲ್ಲದಿದ್ದರೆ ಅಡುಗೆಗೆ ಬರಬಹುದು, ಬೇಟೆಗೆ ಬೇಡ. ಗಾಯಗೊಂಡ ಹಂದಿ ಪೊದೆಯಲ್ಲಿ ನರಳಿ ಸಾಯುವುದನ್ನು ಅವನು ಒಮ್ಮೆ ನೋಡಿದ್ದನಂತೆ.

ಏಪ್ರಿಲ್ ೧೬, ಶನಿವಾರ, ಗುಂಡು ಹಾರಿಸುವ ಮೈದಾನ. ಹತ್ತು ಗುಂಡು, ತಟ್ಟೆಗೆ ಎರಡು. ೧೭, ಭಾನುವಾರ. ಹತ್ತು ಗುಂಡು, ತಟ್ಟೆಗೆ ಒಂದು. ೨೩ರ ಶನಿವಾರವೂ ಎರಡೇ. ಪ್ರತಿ ಗುಂಡಿಗೂ ಅಂಕಲ್‌ನ ಮುಖ ಕಿವುಚಿಕೊಳ್ಳುತ್ತಿತ್ತು. ಕೊನೆಕೊನೆಗೆ ಗುಂಡು ಹೊರಡುವ ಮೊದಲೇ ಕಣ್ಣು ಮುಚ್ಚತೊಡಗಿದ್ದರು. ನಾನು ಪಟ್ಟಿ ಬಿಚ್ಚಿದೆ. ತಪ್ಪು ತೋಟೆಯದ್ದು, ಒದೆತ ಹೆಚ್ಚಾಯಿತು, ಇದನ್ನು ಮಾರಿ ಟೂ-ಫಾರ್ಟಿ-ತ್ರೀ ತೆಗೆದುಕೊಳ್ಳೋಣ ಎಂದೆ.

“ಅದರಲ್ಲಿ ಹಂದಿ ಬೀಳದಿದ್ದರೆ?”

“ಸರಿಯಾದ ಜಾಗಕ್ಕೆ ಹೊಡೆದ್ರೆ ಬೀಳುತ್ತೆ ಅಂಕಲ್.”

“ಸರಿಯಾದ ಜಾಗಕ್ಕೆ ಹೊಡೆಯುವವ ಆಗಿದ್ರೆ ನಾನು ಇಲ್ಲಿ ಕೂತು ಅಳ್ತಿದ್ದೆನಾ?” ಎಂದು ನಕ್ಕರು. ಮನೆಗೆ ಬರುವಾಗ ಕಾರು ಫ್ರೀವೇ ಇಳಿಯುತ್ತಿದ್ದಂತೆ, “ಈ ಸಲ ಸಹ ಬೇಯಿಸುವುದೇ ಆಯ್ತು” ಎಂದರು.

ಅಡುಗೆಮನೆಯಲ್ಲಿ ಆಂಟಿ ಅವರ ಅಂಗಿ ಬಿಚ್ಚಿಸಿ ಬಿಸಿನೀರಿನ ಬಟ್ಟೆ ಇಡಲು ಹೊರಟವರು ಹಾಗೇ ನಿಂತುಬಿಟ್ಟರು. ನೀಲಿಗಟ್ಟಿದ್ದು ಹೆಗಲಲ್ಲ, ಹೆಗಲಿನಿಂದ ನಾಲ್ಕು ಬೆರಳು ಕೆಳಗೆ, ರಟ್ಟೆ.

“ಇದೆಂತ? ಕೋವಿ ಹೆಗಲಿಗೆ ಇಡುವುದಲ್ಲವಾ? ಪೆಟ್ಟು ಇಲ್ಲಿ ಯಾಕೆ ಉಂಟು? ಆ ಕೋವಿ ಹಿಡೀರಿ ನೋಡುವ. ಗುಂಡು ಉಂಟಾ ಅದರಲ್ಲಿ?”

ಖಾಲಿ ಎಂದು ಅಂಕಲ್ ಎರಡು ಸಲ ಚಿಲಕ ಎಳೆದು ತೋರಿಸಿದರು. ನಂತರ ಗೋಡೆಯ ಕಡೆಗೆ ಗುರಿ ಹಿಡಿದರು. ಆಗ ಮೊದಲ ಬಾರಿಗೆ ನಾನು ಕೋವಿಯನ್ನಲ್ಲ, ಅವರನ್ನು ನೋಡಿದೆ. ಕುದುರೆಗೆ, ಅಂದರೆ ಟ್ರಿಗರಿಗೆ, ಬೆರಳು ಎಟುಕಿಸಲು ಕೋವಿಯನ್ನು ರಟ್ಟೆಯ ಮೇಲೆ ಜಾರಿಸಿಕೊಂಡಿದ್ದರು. ದೂರದರ್ಶಕದೊಳಗೆ ನೋಡಲು ಕೊಕ್ಕರೆಯ ಹಾಗೆ ಕತ್ತು ಚಾಚಿದ್ದರು.

“ಅಯ್ಯೋ ದೇವರೇ!” ಆಂಟಿ ಕೊರಳಿನಿಂದ ಟೇಪು ತೆಗೆದರು. “ಇಪ್ಪತ್ತು ವರ್ಷದಿಂದ ಇವರ ಕೋಟಿನ ತೋಳು ಕತ್ತರಿಸ್ತಾ ಇದ್ದೇನೆ. ತೋಳು ಉದ್ದ ಆಯ್ತೂಂತ ಯಾರಾದ್ರೂ ಬೇರೆ ಬಣ್ಣದ ಕೋಟು ತರ್ತಾರಾ? ನೀನು ಇಂಜಿನಿಯರು ಬೇರೆ! ಎಂಟು ಕಾಲಮಿನಲ್ಲಿ ಒಂದರಲ್ಲಾದರೂ ಈ ಮನುಷ್ಯ ಇದ್ದಾರಾ?”

ಇರಲಿಲ್ಲ. ಗುಂಡಿನ ತೂಕ, ವೇಗ, ಬಲ, ಬೆಲೆ ಎಲ್ಲವೂ ಇತ್ತು. ಮೊಣಕೈಯ ಮಡಿಕೆಯಿಂದ ತೋರುಬೆರಳಿನವರೆಗಿನ ಅಳತೆ ಇರಲಿಲ್ಲ. ಆಂಟಿ ಮೂರು ಸಲ ಅಳೆದರು. ಆಮೇಲೆ ಕೋವಿಯನ್ನು ಇಸ್ತ್ರಿ ಮೇಜಿನ ಮೇಲೆ ಮಲಗಿಸಿ, ದರ್ಜಿಯ ಸೀಮೆಸುಣ್ಣದಿಂದ ಮರದ ಮೇಲೆ ಗೆರೆ ಎಳೆದರು. ಬ್ಲೌಸಿನ ಬಟ್ಟೆಗೆ ಗುರುತು ಹಾಕುವಾಗ ಇರುವಷ್ಟೇ ನಿಶ್ಚಿಂತೆ ಅವರ ಕೈಯಲ್ಲಿತ್ತು.

ಮರುದಿನ ಏಪ್ರಿಲ್ ೨೪. ಮರ ಸಿಬಿರೇಳದಂತೆ ಗೆರೆಯ ಸುತ್ತ ಟೇಪು ಅಂಟಿಸಿ, ಗ್ಯಾರೇಜಿನಲ್ಲಿ ಅಂಕಲ್ ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದರು. ಒಂದಿಂಚು. ಹೊಸ ರಬ್ಬರ್ ಪಟ್ಟಿ ಕೂರಿಸುವ ಮೊದಲು ನಾನು ಬೋಳು ಮರದ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದೆ, ಕನ್ನಡ ಅಂಕಿಗಳಲ್ಲಿ. ದೂರದರ್ಶಕವನ್ನೂ ಕಣ್ಣಿನ ಕಡೆಗೆ ಒಂಚೂರು ಸರಿಸಿದೆವು. ಏಪ್ರಿಲ್ ೩೦ರಂದು ಹತ್ತಕ್ಕೆ ಆರು. ಮೇ ೭ರಂದು ಹತ್ತಕ್ಕೆ ಒಂಬತ್ತು. ತೋಟೆ ಅದೇ, ತ್ರೀ-ನಾಟ್-ಎಯ್ಟ್.

ಮೇ ೧೪ರ ಬೆಳಿಗ್ಗೆ ರ‍್ಯಾಂಚಿನಲ್ಲಿ ಡೇಲ್ ತಟ್ಟೆಯನ್ನು ಬೇಲಿಗೆ ಸಿಕ್ಕಿಸಿದ. ನಾಲ್ಕು ತೂತು ಬಿದ್ದವು. ಐದನೆಯದಕ್ಕೆ ಅಂಕಲ್ ಎಷ್ಟು ಹೊತ್ತು ಉಸಿರು ಹಿಡಿದರೆಂದರೆ ನನ್ನ ಗಡಿಯಾರದಲ್ಲಿ ಇಪ್ಪತ್ತೆರಡು ಸೆಕೆಂಡು. ಅದು ತಟ್ಟೆಯ ಅಂಚಿಗೆ ತಗುಲಿತು. ಡೇಲ್ ಹತ್ತಿರ ಹೋಗಿ, ಬಗ್ಗಿ ನೋಡಿ, ಒಳಗೇ ಇದೆ ಎಂದ. ನನಗೆ ಅನುಮಾನವಿತ್ತು. ಡೈರಿಯಲ್ಲಿ ‘೫’ ಎಂದೇ ಬರೆದೆ.

ಬೇಟೆಯ ಬಗ್ಗೆ ನಾನು ಹೆಚ್ಚು ಹೇಳಲಾರೆ. ಓಕ್ ಮರಗಳ ಕೆಳಗೆ ನೆಲ ಕೆದಕುತ್ತಿದ್ದ ಹಂದಿ ಕಂಡಾಗ ನಾನು ಗಡಿಯಾರ ನೋಡತೊಡಗಿದೆ, ಅದನ್ನು ನೋಡದಿರಲು. ೭ ಗಂಟೆ ೫೨ ನಿಮಿಷ. ಗುಂಡು ಒಂದೇ. ತಲೆಯೆತ್ತಿದಾಗ ಅದು ಬಿದ್ದಿತ್ತು, ಕಾಲೂ ಆಡುತ್ತಿರಲಿಲ್ಲ. ಅಂಕಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು. ನಾನು ಡೈರಿ ತೆಗೆದು ಹೊತ್ತನ್ನು ಬರೆದುಕೊಂಡೆ.

ಮಧ್ಯಾಹ್ನ ಟ್ರಕ್ಕಿನ ಹಿಂದುಗಡೆ ಹಳೆಯ ಪತ್ರಿಕೆ ಹಾಸಿ ಪಾಲು ಹಾಕಿದರು. ಆಂಟಿ ಒಂದು ಕಟ್ಟು ಕೊಟ್ಟು ಕಳಿಸಿದ್ದರು. ಬಿಚ್ಚಿದರೆ ಏಳು ವರ್ಷ ಡೇಲ್ ಕೊಟ್ಟಿದ್ದ ಪ್ಲಾಸ್ಟಿಕ್ ಚೀಲಗಳು, ತೊಳೆದು ಒಣಗಿಸಿ ಮಡಿಸಿಟ್ಟವು. ಮೊದಲನೆಯದು ಡೇಲ್‌ಗೆ. ಆರಡಿ ಎತ್ತರದ ಆ ಮನುಷ್ಯ ಚೀಲದ ಗುರುತು ಹಿಡಿದು, ಅಂಕಲ್‌ನ ಮುಖ ನೋಡಿ, ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಬೇಟೆಗೆ ಬಂದಿದ್ದ ಉಳಿದ ಮೂವರಿಗೆ. ಎಲುಬು ಡೇಲ್‌ನ ನಾಯಿಗೆ. ಕೊನೆಗೆ ತಲೆ ಮತ್ತು ಒಂದು ತೊಡೆ ಹೊಡೆದವನಿಗೆ.

“ಲೆಕ್ಕ ಬರೆದವನಿಗೂ ಪಾಲುಂಟು” ಎಂದರು ಅಂಕಲ್.

“ಬೇಡ ಅಂಕಲ್, ನಾನು ತಿನ್ನಲ್ವಲ್ಲ.”

“ಗೊತ್ತುಂಟು ಮಾರಾಯ. ಬೇಟೆಗೆ ಬಂದವ ಬರಿಗೈಯಲ್ಲಿ ಹೋಗ್ಲಿಕ್ಕಿಲ್ಲ.” ಜಾಕೆಟ್ಟಿನ ಜೇಬಿಗೆ ಕೈ ಹಾಕಿ ಈ ಮರದ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ಇದು ನಿನ್ನದು. ಪೂರ್ತಿ ವೆಜಿಟೇರಿಯನ್ನು.”

೧೯೮೬ರಲ್ಲಿ ಅಂಕಲ್ ಮತ್ತು ಆಂಟಿ ಮಂಗಳೂರಿಗೆ ಹೋಗಿ ನೆಲೆಸಿದರು. ಕೋವಿಯನ್ನು ಪ್ಲೆಸೆಂಟನ್ ಕಡೆಯ ಒಂದು ಅಂಗಡಿಗೆ ಮಾರಿದರು. ಪ್ರತಿ ಕ್ರಿಸ್‌ಮಸ್ ಕಾಗದದ ಕೊನೆಯಲ್ಲಿ ಅವರದ್ದು ಒಂದೇ ಪ್ರಶ್ನೆ: ಅದು ಯಾರ ಕೈಯಲ್ಲಿ ಉಂಟು? ನನಗೆ ಗೊತ್ತಿಲ್ಲ. ಡೈರಿಯಲ್ಲಿ ಆ ಕೋವಿಗೆಂದು ಮೀಸಲಿಟ್ಟ ಪುಟದಲ್ಲಿ ಲೆಕ್ಕ ಅಲ್ಲಿಗೇ ನಿಂತಿದೆ, ಕೆಳಗೆ ಅರ್ಧ ಪುಟ ಖಾಲಿ.

ಈಗ ಹತ್ತೂವರೆ. ತುಂಡನ್ನು ಕಪಾಟಿಗೆ ಸೇರಿಸಲಿಲ್ಲ, ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬರೆಯುತ್ತ ಬರೆಯುತ್ತ ಎದ್ದು ಹೋಗಿ ಟೇಪು ತಂದು ನನ್ನ ಮೊಣಕೈಯಿಂದ ಬೆರಳಿನವರೆಗೆ ಅಳೆದೆ. ಇಷ್ಟು ವರ್ಷದ ಡೈರಿಗಳಲ್ಲಿ ಮಳೆ, ಪೆಟ್ರೋಲು, ನಿದ್ದೆ ಎಲ್ಲದರ ಅಳತೆ ಇದೆ, ಇದು ಮೊದಲನೆಯದು.

ಓದುವವರಲ್ಲಿ ಯಾರ ಬಳಿಯಾದರೂ, ಅಥವಾ ಯಾರ ಸ್ನೇಹಿತರ ಬಳಿಯಾದರೂ, ಸ್ವಲ್ಪ ಗಿಡ್ಡವೆನಿಸುವ ಹಳೆಯ ತ್ರೀ-ನಾಟ್-ಎಯ್ಟ್ ಇದ್ದರೆ, ಗುಂಡಿಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು ಹಿಂಬದಿಯ ರಬ್ಬರ್ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿ ನೋಡಿ. ಮರದ ಮೇಲೆ ೨೪-೪-೮೩ ಎಂದು ಕಂಡರೆ ಈ ಪತ್ರಿಕೆಯ ಮೂಲಕ ನನಗೊಂದು ಸಾಲು ಬರೆಯಿರಿ. ಯಾರು ಹಿಡಿಯುತ್ತಿದ್ದಾರೆ, ಅವರ ಹೆಗಲಿಗೆ ಸರಿಯಾಗಿ ಕೂರುತ್ತಿದೆಯೇ, ತಿಳಿದರೆ ಸಾಕು. ಉದ್ದ ಸಾಲದಿದ್ದರೆ ದಪ್ಪ ರಬ್ಬರ್ ಹಾಕಿಸಿಕೊಳ್ಳಿ. ತುಂಡನ್ನು ಮಾತ್ರ ಕೇಳಬೇಡಿ. ಅದು ನನ್ನ ಪಾಲು.