ಹಿಡಿ ಹತ್ತಿಯ ತೇವ

ನನ್ನ ಅಂಗೈ ಚಿಕ್ಕಂದಿನಿಂದಲೂ ಬೆವರುತ್ತದೆ. ಚಳಿಗಾಲದಲ್ಲೂ, ಸುಮ್ಮನೆ ಕೂತಾಗಲೂ, ಬೆರಳ ತುದಿಯಿಂದ ಹನಿ ಬೀಳುವಷ್ಟು. ಸಾಲೆಯಲ್ಲಿ ಪಾಟಿಯ ಮೇಲೆ ಬರೆದದ್ದು ನನ್ನ ಕೈಯಿಂದಲೇ ಅಳಿಸಿಹೋಗುತ್ತಿತ್ತು. ಅವ್ವ ದಿನಾಲು ಪಟಿಕ ಕರಗಿಸಿದ ನೀರಿನಲ್ಲಿ ಕೈ ಅದ್ದಿಸಿದಳು. ಚರ್ಮ ಸುಲಿಯಿತು, ಬೆವರು ನಿಲ್ಲಲಿಲ್ಲ. ಅಪ್ಪನ ಉಪಾಯ ಬೇರೆ. ನಾಲ್ಕು ಮಂದಿ ಇದ್ದಲ್ಲಿ ಕೈ ಹೆಗಲ ಮೇಲಿನ ವಲ್ಲಿಯೊಳಗೆ ಇರಬೇಕು, ಯಾರು ಕೇಳಿದರೂ ಬಾಯಿ ಬಿಡಬಾರದು.

ಅಪ್ಪನದು ಹುಬ್ಬಳ್ಳಿಯಲ್ಲಿ ಹತ್ತಿಯ ಅಡತಿ ಅಂಗಡಿ. ರೈತರು ತಂದ ಹತ್ತಿಯನ್ನು ಖರೀದಿದಾರರಿಗೆ ತೋರಿಸಿ ಮಾರಿಸಿಕೊಡುತ್ತಿದ್ದ. ಅರವತ್ತರ ದಶಕದ ಮೊದಲ ವರ್ಷಗಳು, ನನಗೆ ಇಪ್ಪತ್ತು. ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿ ಒಂದು ಹಿಡಿ ಹತ್ತಿ ಎಳೆದು ತೋರಿಸುವುದು ಗುಮಾಸ್ತನ ಕೆಲಸ. ಅವತ್ತು ಅವನು ಬಂದಿರಲಿಲ್ಲ. ಖರೀದಿದಾರನೊಡನೆ ಮಾತಿನಲ್ಲಿದ್ದ ಅಪ್ಪನೇ ಕಣ್ಣಿನಿಂದ ನನಗೆ ಸನ್ನೆ ಮಾಡಿದ.

ಹತ್ತಿ ಗರಗ ಊರಿನ ಕಡೆಯ ಒಬ್ಬ ವಯಸ್ಸಾದ ರೈತನದು. ಅವನ ಚೀಲವನ್ನು ಪೇಟೆಯಲ್ಲಿ ಯಾರೂ ಎರಡನೇ ಸಲ ಪರೀಕ್ಷಿಸುತ್ತಿರಲಿಲ್ಲ, ಅಷ್ಟು ನಂಬಿಕೆಯ ಹೆಸರು. ನಾನು ಕೊಟ್ಟ ಹಿಡಿಯನ್ನು ಖರೀದಿದಾರ ಬೆರಳಲ್ಲಿ ಹಿಸುಕಿದ, ಕೆನ್ನೆಗೆ ಒತ್ತಿಕೊಂಡ.

"ನೀರ ಹೊಡದಾರ್ರಿ ಇದಕ್ಕ."

ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸುವವರಿದ್ದರು. ಪೇಟೆಯಲ್ಲಿ ರೈತನಿಗೆ ಅದಕ್ಕಿಂತ ಕೆಟ್ಟ ಬೈಗುಳವಿರಲಿಲ್ಲ. ಮುದುಕ ದನಿ ಏರಿಸಲಿಲ್ಲ.

"ಎಲ್ಲಾ ಚೀಲ ಬಿಚ್ಚತೇನ್ರಿ ಸಾವಕಾರ್ರ. ನೀವ ಕೈ ಹಾಕಿ ನೋಡ್ರಿ."

ಖರೀದಿದಾರ ಬಗ್ಗಿಯೂ ಬಗ್ಗಿದ. ಆಗ ಅಪ್ಪ ಅವನ ಹೆಗಲು ಹಿಡಿದ. ಇರಲಿ ಬಿಡ್ರಿ, ಇಬ್ಬನಿ ಬಿದ್ದಿರಬೇಕು, ಸ್ವಲ್ಪ ಕಡಿಮೆ ಮಾಡಿ ತಗೋರಿ ಎಂದ. ನೋಡಿದವರಿಗೆ ಅದು ದೊಡ್ಡ ಮನಸ್ಸಿನ ಮಾತು. ಇಬ್ಬನಿ ಬಿದ್ದಿಲ್ಲವೆಂದು ಮುದುಕ ಎರಡು ಸಲ ಹೇಳಿದ. ಇನ್ನೊಂದು ಚೀಲಕ್ಕೆ ಬೇರೆ ಕೈ ಹೋಗಿದ್ದರೆ ತೇವ ಯಾರದೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅಪ್ಪನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ವಲ್ಲಿಯೊಳಗೆ ನನ್ನ ಕೈ ತೊಟ್ಟಿಕ್ಕುತ್ತಿತ್ತು. ಇಪ್ಪತ್ತು ವರ್ಷದವನಿಗೆ ಬಾಯಿ ಇರಲಿಲ್ಲವೆಂದು ಇವತ್ತು ಹೇಳಿದರೆ ಯಾರು ನಂಬುತ್ತಾರೆ?

ಮನೆಯಲ್ಲಿ ಊಟಕ್ಕೆ ಕೂತಾಗ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅಪ್ಪ ರೊಟ್ಟಿ ಮುರಿಯುತ್ತಲೇ ಉತ್ತರ ಕೊಟ್ಟ.

"ನಿನ್ನ ಕೈ ಅಂತ ಹೇಳಿದ್ರ ನಾಳೆ ನಿನಗ ಹೆಣ್ಣ ಯಾರ ಕೊಡ್ತಾರ? ಅವಂದು ಒಂದ ದಿನದ ಮಾತು. ನಿಂದು ಜನ್ಮದ್ದು."

ಆ ಮಾತಿನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಮುಂದೆ ಹೆಣ್ಣು ಸಿಕ್ಕಿತು. ಮದುವೆಯ ದಿನ ಆಕೆ ನನ್ನ ಅಂಗೈಯನ್ನು ಸೆರಗಿನಿಂದ ಒರೆಸಿ ಮತ್ತೆ ಹಿಡಿದುಕೊಂಡಳು, ಅಷ್ಟೇ. ಅಷ್ಟಕ್ಕಾಗಿ ಒಬ್ಬನ ಹೆಸರು ಕೆಡಿಸಿದ್ದೆವು.

ಮುದುಕನದು ಒಂದು ದಿನದ ಮಾತಾಗಿಯೂ ಉಳಿಯಲಿಲ್ಲ. ಮರುವರ್ಷದ ಸುಗ್ಗಿಯಲ್ಲಿ ಅವನ ಚಕ್ಕಡಿ ನಮ್ಮೆದುರಿನ ಅಂಗಡಿಯ ಮುಂದೆ ನಿಂತಿತು. ಹಮಾಲರೊಳಗೊಬ್ಬ, "ಏನ ಕಾಕಾ, ನಿಮ್ಮ ಕಡೆ ಮಳಿ ಛಲೋ ಆತೇನು?" ಎಂದ. ಉಳಿದವರು ನಕ್ಕರು. ಯಾರೂ ಕೇಳುವ ಮೊದಲೇ ಮುದುಕ ಒಂದೊಂದಾಗಿ ಎಲ್ಲ ಚೀಲಗಳ ಹೊಲಿಗೆ ಬಿಚ್ಚಿದ, ಬಾಯಿ ಅಗಲಿಸಿ ಇಟ್ಟು ಪಕ್ಕಕ್ಕೆ ಸರಿದು ನಿಂತ.

ಅವನು ತಲೆ ಎತ್ತಿದಾಗ ನಮ್ಮ ಕಟ್ಟೆಯ ಮೇಲಿದ್ದ ನಾನು ಅವನ ಕಣ್ಣಿಗೆ ಬಿದ್ದೆ. ಮೊದಲಿನ ಹಾಗೆಯೇ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ತಿರುಗಿ ನಮಸ್ಕಾರ ಮಾಡಬೇಕೆಂದರೆ ನಾನು ವಲ್ಲಿಯೊಳಗಿನ ಕೈ ಹೊರಗೆ ತೆಗೆಯಬೇಕಿತ್ತು. ತೆಗೆಯಲಿಲ್ಲ.