ಕಸಿನ್ ಎಂದು ಬರೆಯಬೇಕಿತ್ತು

ಆ ಫಾರಂನಲ್ಲಿ ‘ಸಿಸ್ಟರ್’ ಎಂದು ಬರೆದವಳು ಅಕ್ಕನೇ ಎಂದು ಮೂರು ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಯುಗಾದಿ ಊಟದಲ್ಲಿ ಹೇಳಿದ್ದೇನೆ, ವೆಸ್ಟ್‌ಮಂಟಿನ ಗೆಳತಿಯ ಮನೆಯಲ್ಲಿ ಕನಿಷ್ಠ ಎರಡು ಸಲ ಹೇಳಿದ್ದೇನೆ. ಕೇಳಿದವರು ನಗುತ್ತಿದ್ದರು. ಪಕ್ಕದಲ್ಲಿ ಕೂತಿರುತ್ತಿದ್ದ ಅಕ್ಕನೂ ನಗುತ್ತಿದ್ದಳು. ಕಳೆದ ವಾರ ಹಳೆಯ ಫೈಲು ತೆಗೆದಾಗ ಫಾರಂನ ಪ್ರತಿ ಸಿಕ್ಕಿತು. ಅಕ್ಷರ ನನ್ನದು.

ಆದ್ದರಿಂದ ಈ ಸಲ ನೆನಪನ್ನು ನೆಚ್ಚದೆ, ಆಗಿನ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯೂ ಎಲ್ಲವನ್ನೂ ಹೇಳುವುದಿಲ್ಲ.

ಅಕ್ಕ ನನ್ನ ದೊಡ್ಡಮ್ಮನ ಮಗಳು. ಹೀಗೆ ಬಿಡಿಸಿ ಹೇಳುವ ಪ್ರಸಂಗವೇ ಮೊದಲು ಬಂದಿರಲಿಲ್ಲ. ಮೈಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ನಾನು ಪಿಯುಸಿ, ಬಿಎಸ್ಸಿ ಓದಿದೆ. ಆ ಐದು ವರ್ಷ ಅವಳೂ ನಾನೂ ಒಂದೇ ಕೋಣೆಯಲ್ಲಿ ಮಲಗಿದೆವು, ಜಗಳವಾಡಿದೆವು, ಒಬ್ಬರ ಸಲ್ವಾರು ಇನ್ನೊಬ್ಬರು ಹಾಕಿಕೊಂಡೆವು. ಅವಳು ಮದುವೆಯಾಗಿ ಡಿಯರ್‌ಬಾರ್ನ್ ಕಡೆ ಬಂದಳು. ಕೆಲವು ವರ್ಷಗಳ ನಂತರ ನಾನು ಬೇರೆ ರಾಜ್ಯಕ್ಕೆ, ಶಿಕಾಗೊ ಕಡೆ ಬಂದೆ. ಭಾವ ಕಾರಿನ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದಳು. ಮಂಡಿ ಕೈಕೊಟ್ಟಾಗ ಅದನ್ನೂ ಬಿಡಬೇಕಾಯಿತು. ಮಕ್ಕಳಿಲ್ಲ.

ಬಹಳ ವರ್ಷ ಸರದಿಯಲ್ಲಿ ಕಾದ ಮೇಲೆ ಅವಳಿಗೆ ಬಾಡಿಗೆಯ ವೋಚರ್ ಸಿಕ್ಕಿತು. ಅದಿದ್ದರೆ ಬಾಡಿಗೆಯ ಹೆಚ್ಚಿನ ಪಾಲನ್ನು ಸರ್ಕಾರವೇ ಮನೆಯ ಮಾಲೀಕರಿಗೆ ಕೊಡುತ್ತದೆ. ಆದರೆ ಗಡುವಿನೊಳಗೆ ಮನೆ ಸಿಗದಿದ್ದರೆ ವೋಚರ್ ರದ್ದು, ಮತ್ತೆ ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ವೋಚರ್ ಎಂದ ಕೂಡಲೇ ಅಲ್ಲಿನ ಮಾಲೀಕರು ಮುಖ ತಿರುಗಿಸುತ್ತಿದ್ದರಂತೆ. ಬೇರೆ ರಾಜ್ಯಕ್ಕೂ ಅದನ್ನು ಒಯ್ಯಬಹುದು ಎಂದು ಗೊತ್ತಾದ ದಿನ ನನಗೆ ಫೋನ್ ಮಾಡಿದಳು. ಶಿಕಾಗೊ ಪಕ್ಕದ ಸ್ಕೋಕಿಯಲ್ಲಿ ನಮ್ಮದು ಒಂದರ ಮೇಲೊಂದು ಎರಡು ಮನೆಗಳಿರುವ ಇಟ್ಟಿಗೆಯ ಕಟ್ಟಡ. ಮೇಲೆ ನಾವಿದ್ದೇವೆ. ಆಗ ಕೆಳಗಿನದು ಖಾಲಿಯಾಗಿತ್ತು.

“ಕೆಳಗಡೆ ಮನೆ ನಂಗೆ ಬಾಡಿಗೆಗೆ ಕೊಡ್ತೀಯೇನೆ?”

“ಬಾಡಿಗೆ ಯಾಕಕ್ಕ? ಮೇಲೇ ಒಂದು ರೂಮಿದೆ, ಬಂದು ಇದ್ಬಿಡು.”

“ಬೇಡ ಕಣೆ. ನೆಂಟರ ಮನೇಲಿ ಸೂಟ್‌ಕೇಸ್ ಪೂರ್ತಿ ಬಿಚ್ಚಕ್ಕಾಗಲ್ಲ. ನಂಗೆ ನಂದೇ ಒಂದು ಬಾಗಿಲು ಬೇಕು, ನಂದೇ ಒಂದು ಸ್ಟವ್ ಬೇಕು. ಕೊಡೋದಾದ್ರೆ ಕೊಡು, ಇಲ್ದಿದ್ರೆ ಇಲ್ಲ ಅನ್ನು.”

ಕೊಡುತ್ತೇನೆ ಎಂದೆ. ಅವಳು ಬಂದು, ಕಾಗದಪತ್ರದ ಕೆಲಸ ಮುಗಿಯುವವರೆಗೆ ಮಾತ್ರ ಎಂದು ಹೇಳಿ ನಮ್ಮ ಜೊತೆ ಉಳಿದಳು. ಸೂಟ್‌ಕೇಸನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸಿ, ಬೆಳಗ್ಗೆ ಒಂದು ಸೀರೆ ತೆಗೆದು ಮತ್ತೆ ಜಿಪ್ ಎಳೆಯುತ್ತಿದ್ದಳು. ಊಟದ ಮೇಜಿನ ಮೇಲೆ ಫಾರಂ ತುಂಬಿದೆವು. ಮಾಲೀಕರಿಗೂ ಬಾಡಿಗೆದಾರರಿಗೂ ಏನಾದರೂ ಸಂಬಂಧವಿದೆಯೇ ಎಂದು ಒಂದು ಸಾಲು ಕೇಳುತ್ತಿತ್ತು. ನನ್ನ ನೆನಪಿನ ಪ್ರಕಾರ ಪೆನ್ನು ಅಕ್ಕನ ಕೈಯಲ್ಲಿತ್ತು. ಫಾರಂನ ಪ್ರಕಾರ ಇರಲಿಲ್ಲ.

ಕೆಲವು ದಿನಗಳ ಮೇಲೆ ವೋಚರ್ ಕಚೇರಿಯಿಂದ ಕಾಗದ ಬಂತು. ತಂದೆ ತಾಯಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು ಇವರಿಗೆ ಈ ಯೋಜನೆಯಲ್ಲಿ ಮನೆ ಬಾಡಿಗೆಗೆ ಕೊಡುವಂತಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ಗಡುವಿಗೆ ಮೂರು ವಾರ ಉಳಿದಿತ್ತು.

ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: ‘ಕಾಗದ ಬಂತು. ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಕಾರು ಸ್ಟಾರ್ಟ್ ಆಗಲಿಲ್ಲ.’ ಕಾಗದ ಓದಿದಾಗ ಏನನ್ನಿಸಿತು ಎಂದು ಯಾಕೆ ಬರೆಯಲಿಲ್ಲ? ಒಂದು ಕ್ಷಣ ನಿರಾಳವಾಯಿತೇನೋ ಎಂಬ ಅನುಮಾನ ನನಗಿದೆ. ಹತ್ತಿರದವರಿಗೆ ಮನೆ ಕೊಟ್ಟು ಮಾತು ಬಿಟ್ಟವರನ್ನು ನೋಡಿದ್ದೆ. ಹೀಟರ್ ಕೆಟ್ಟರೆ ಅಕ್ಕ ಅಕ್ಕನಾಗಿ ಗದರುತ್ತಾಳೋ ಬಾಡಿಗೆದಾರಳಾಗಿ ದೂರು ಕೊಡುತ್ತಾಳೋ ಎಂದು ಯೋಚಿಸಿದ್ದು ಖಂಡಿತ. ಆದರೆ ಅದು ಆ ದಿನದ್ದೋ, ಈಗ ನಾನು ಆ ದಿನಕ್ಕೆ ಸೇರಿಸುತ್ತಿರುವುದೋ, ಹೇಳಲಾರೆ.

ಮಾರನೆಯ ದಿನ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸಿನ ದನಿ ಒರಟಾಗಿರಲಿಲ್ಲ.

“ನಿಮ್ಮಿಬ್ಬರ ತಾಯಿ ಒಬ್ಬರೇನಾ?” ಎಂದು ಕೇಳಿದರು.

ನಾನು ತಡವರಿಸಿದೆ. ಅವಳ ಅಮ್ಮನನ್ನು ನಾನು ದೊಡ್ಡಮ್ಮ ಎನ್ನುತ್ತೇನೆ, ನನ್ನ ಅಮ್ಮನನ್ನು ಅವಳು ಚಿಕ್ಕಮ್ಮ ಎನ್ನುತ್ತಾಳೆ. ದೊಡ್ಡವರೋ ಚಿಕ್ಕವರೋ, ಇಬ್ಬರೂ ಅಮ್ಮಂದಿರೇ. ಅದನ್ನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

“ಅಲ್ಲ, ಬೇರೆ ಬೇರೆ.”

“ತಂದೆ?”

“ಅವರೂ ಬೇರೆ.”

“ಹಾಗಾದ್ರೆ ಸಿಸ್ಟರ್ ಹೇಗಾಗ್ತಾರೆ?”

“ಅವಳ ತಾಯಿ ನನ್ನ ತಾಯಿಗೆ ಅಕ್ಕ.”

ಆ ಕಡೆಯಿಂದ ನಗು ಕೇಳಿಸಿತು. “ಅಯ್ಯೋ, ಅದು ಕಸಿನ್! ಕಸಿನ್‌ಗೆ ಧಾರಾಳವಾಗಿ ಕೊಡಬಹುದು.” ಆದರೆ ಕಡತದಲ್ಲಿ ಸಿಸ್ಟರ್ ಎಂದು ಸೇರಿಹೋಗಿದೆ, ಇಬ್ಬರ ಜನನ ಪ್ರಮಾಣಪತ್ರ ಕಳಿಸಬೇಕು, ಜೊತೆಗೆ ‘ನಾವು ಒಡಹುಟ್ಟಿದವರಲ್ಲ’ ಎಂದು ಇಬ್ಬರೂ ಬರೆದು ಸಹಿ ಹಾಕಬೇಕು ಎಂದರು.

ಸಂಜೆ ಆ ಒಕ್ಕಣೆಯನ್ನು ಟೈಪ್ ಮಾಡಿ ಅಕ್ಕನಿಗೆ ಓದಿ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು. ಸೋಫಾದಲ್ಲಿದ್ದ ನನ್ನ ಮಗಳು ತಲೆಯೆತ್ತದೆ, “ಅಮ್ಮಾ, ಟೆಕ್ನಿಕಲಿ ಶೀ ಈಸ್ ಯುವರ್ ಕಸಿನ್,” ಎಂದಳು.

“ನಿನ್ ಟೆಕ್ನಿಕಲಿಗಿಷ್ಟು ಬೆಂಕಿ ಹಾಕ,” ಎಂದಳು ಅಕ್ಕ. “ಟೈಫಾಯ್ಡ್ ಬಂದಾಗ ನಿಮ್ಮಮ್ಮಂಗೆ ಗಂಜಿ ಕುಡಿಸಿದ್ದು ಯಾವ ಕಸಿನ್ನು, ಕೇಳು.” ಆಮೇಲೆ ನನ್ನ ಕಡೆ ಕೈ ಚಾಚಿದಳು. “ಇಂಗ್ಲಿಷಲ್ಲಿ ತಾನೆ ಅಕ್ಕ ಅಲ್ಲ ಅನ್ಬೇಕಾಗಿರೋದು? ಕೊಡು ಪೆನ್ನು.”

ಈ ಕಥೆ ಹೇಳುವಾಗ ಇಲ್ಲಿಗೆ ನಿಲ್ಲಿಸುತ್ತಿದ್ದೆ, ಜನ ನಗುತ್ತಿದ್ದರು. ಡೈರಿ ಮಾತ್ರ ಬೇರೆ ಹೇಳುತ್ತದೆ: ‘ಪೆನ್ನು ಕೊಟ್ಟೆ. ನಾಳೆ ಹಾಕ್ತೀನಿ ಅಂದಳು. ಊಟ ಸರಿಯಾಗಿ ಮಾಡಲಿಲ್ಲ.’ ಸಹಿ ಬಿದ್ದದ್ದು ಮರುದಿನ ಬೆಳಗ್ಗೆ, ಕಾಫಿಯಾದ ಮೇಲೆ. ಅವಳು ಕನ್ನಡದಲ್ಲಿ ಸಹಿ ಹಾಕಿದ್ದಳು. ನನ್ನದು ಇಂಗ್ಲಿಷಿನಲ್ಲಿದೆ. ಈ ರಾತ್ರಿಯನ್ನು ನಾನು ಕಥೆಯಿಂದ ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಉಳಿದದ್ದು ಸಲೀಸಾಗಿ ನಡೆಯಿತು. ಇನ್‌ಸ್ಪೆಕ್ಷನ್‌ಗೆ ಬಂದವರು ನಲ್ಲಿ ತಿರುಗಿಸಿ, ಸ್ಟವ್ ಹಚ್ಚಿ, ಬಣ್ಣ ಅಂಟಿಕೊಂಡು ತೆರೆಯದಿದ್ದ ಒಂದು ಕಿಟಕಿ ಬಿಡಿಸಿಕೊಡಿ ಎಂದು ಹೋದರು. ಬಿಡಿಸಿಕೊಟ್ಟೆವು. ಗಡುವಿಗೆ ನಾಲ್ಕು ದಿನ ಇರುವಾಗ ಒಪ್ಪಿಗೆ ಬಂತು. ಅಕ್ಕ ಸೂಟ್‌ಕೇಸನ್ನು ಕೆಳಗೆ ಒಯ್ದು ಪೂರ್ತಿ ಬಿಚ್ಚಿ, ಖಾಲಿಯಾದದ್ದನ್ನು ಮೇಲೆ ತಂದು ಕೊಟ್ಟಳು. “ನಿಮ್ಮ ಅಟ್ಟದ ಮೇಲೆ ಇಟ್ಕೊ. ನಂಗಿನ್ನು ಬೇಡ.”

ಅಂದಿನಿಂದ ಅವಳಿಗೆ ನಾನು ಓನರಮ್ಮ. ಹನ್ನೊಂದು ಗಂಟೆಗೆ ಅವಳ ಒಗ್ಗರಣೆಯ ಘಾಟು ನಮ್ಮ ಮೆಟ್ಟಿಲು ಹತ್ತುತ್ತದೆ. ನಾನು ಭಯಪಟ್ಟ ಜಗಳಗಳೂ ಆಗಿವೆ, ಹೀಟರಿಗೆ ಒಂದು, ಕಸದ ಡಬ್ಬಕ್ಕೆ ಎರಡು. ಆಗಿ, ಮುಗಿದಿವೆ.

ಕಳೆದ ವಾರ ವೋಚರ್‌ನ ಈ ವರ್ಷದ ನವೀಕರಣದ ಕಾಗದ ಬಂದಾಗಲೇ ಹಳೆಯ ಫೈಲು ತೆಗೆದದ್ದು. ಫಾರಂನ ಪ್ರತಿ ಹಿಡಿದು ಕೆಳಗಿಳಿದೆ. ಅಕ್ಕ ಕಿಟಕಿಯ ಹತ್ತಿರ ನಿಂತಿದ್ದಳು.

“ಅಕ್ಕ, ಇದು ನನ್ನ ಅಕ್ಷರ. ಸಿಸ್ಟರ್ ಅಂತ ಬರ್ದಿದ್ದು ನಾನೇ.”

“ಹೂಂ, ಗೊತ್ತಲ್ಲ.”

“ಮೂರು ವರ್ಷದಿಂದ ನಿನ್ ಮೇಲೆ ಹಾಕ್ತಿದೀನಿ, ಒಂದು ಮಾತು ಹೇಳ್ಬಾರ್ದಿತ್ತಾ?”

“ಚೆನ್ನಾಗ್ ಹೇಳ್ತಿದ್ದೆ, ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ.” ಅವಳು ಕಾಗದ ತೆಗೆದುಕೊಂಡು ದೂರ ಹಿಡಿದು ನೋಡಿದಳು. “ಅವತ್ತು ರಾತ್ರಿ ಈ ಸಾಲನ್ನ ಎಷ್ಟು ಸಲ ನೋಡಿದೀನಿ ಗೊತ್ತಾ? ನನ್ನ ಕೇಳದೇನೇ ಸಿಸ್ಟರ್ ಅಂತ ಬರ್ದಿದ್ದೆ ನೀನು. ಅದಕ್ಕೇ ಬೆಳಗ್ಗೆ ಸೈನ್ ಹಾಕಕ್ಕೆ ಕಷ್ಟ ಆಗ್ಲಿಲ್ಲ.”

ಅವಳು ಕಾಗದವನ್ನು ಮಡಿಸಿ ನನಗೆ ವಾಪಸು ಕೊಡದೆ ಫ್ರಿಜ್ಜಿನ ಮೇಲಿಟ್ಟಳು.

“ಈ ಸಲ ಕಸಿನ್ ಅಂತ ಸರಿಯಾಗಿ ಬರಿ. ಮತ್ತೆ ಈ ಕಿಟಕಿ ಕಚ್ಕೊಂಡ್‌ಬಿಟ್ಟಿದೆ ಓನರಮ್ಮ, ಇನ್‌ಸ್ಪೆಕ್ಷನ್‌ನೋರು ಬರೋದ್ರೊಳಗೆ ಏನಾದ್ರೂ ಮಾಡು.”

ಇಬ್ಬರೂ ಸೇರಿ ದೂಡಿದೆವು. ಬರಲಿಲ್ಲ. ನಾಳೆ ಸ್ಕ್ರೂಡ್ರೈವರ್ ತರುತ್ತೇನೆ ಎಂದು ಹೇಳಿ, ಅವಳು ಕೊಟ್ಟ ಕಾಫಿ ಕುಡಿದು ಮೇಲೆ ಬಂದೆ.