ಅಜ್ಜಿ ಕುರಿ ತಿರುವಿದ ಸಂಜೆ

ಇವತ್ತು ಚನ್ನಪಟ್ಟಣ ದಾಟಿ ಸರ್ವಿಸ್ ರಸ್ತೆಗೆ ಇಳಿದರೆ ಎದುರಿಗೆ ಕುರಿಮಂದೆ. ಗಾಡಿ ನಿಲ್ಲಿಸಿ ಗಾಜು ಇಳಿಸಿದೆ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಬ್ಬಾಳು ಬೆಟ್ಟದ ಕೆಳಗೆ ಅಜ್ಜಿಯ ಕರಿಕಂಬಳಿಯೊಳಗೆ ಮುದುಡಿ ಕೂತಿದ್ದೆ.

ಚುಚ್ಚುವ ಕಂಬಳಿ ಅದು. ಒಳಗೆ ಮಾತ್ರ ಬೆಚ್ಚಗೆ, ಎಲೆಅಡಿಕೆ ಘಮ.

'ತಿರುವು' ಅನ್ನೋದು ಅಜ್ಜಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಕಾಲುವೆ ನೀರನ್ನು ಹಿಪ್ಪುನೇರಳೆ ತೋಟಕ್ಕೆ ತಿರುವು. ಅಪ್ಪ ಜಗಳಕ್ಕೆ ನಿಂತರೆ ಮಾತನ್ನು ಊಟದ ಕಡೆ ತಿರುವು.

ಒಂದು ಸಂಜೆ ಮಂದೆ ಹಳೇ ಕಲ್ಲುಕ್ವಾರಿಯ ಆಳದ ಗುಂಡಿ ಕಡೆ ನುಗ್ಗಿತು. ನಾನು ಅರಚುತ್ತಾ ಹಿಂದೆ ಓಡಿದೆ. ಕುರಿಗಳು ಇನ್ನೂ ಜೋರಾಗಿ ಓಡಿದವು. ಅಜ್ಜಿ ಅಡ್ಡಹಾದಿಯಲ್ಲಿ ಬಂದು ಮುಂದಿನ ಟಗರಿನ ಎದುರು ಕಂಬಳಿ ಹರಡಿ ಸುಮ್ಮನೆ ನಿಂತಳು. ಟಗರು ನಿಂತಿತು, ನೋಡಿತು, ನಿಧಾನಕ್ಕೆ ಹೊರಳಿತು. ಮಂದೆಯೆಲ್ಲಾ ಅದರ ಹಿಂದೆ.

"ಹಿಂದಿಂದ ಅರಚುದ್ರೆ ಅದು ಅಟ್ಟೋದು ಕಣವ್ವ. ತಿರುವ್ಬೇಕಂದ್ರೆ ಮುಂದ್ಕೋಗಿ ನಿಂತ್ಕೊಬೇಕು," ಅಂದಳು. ಅವಳ ಹಿಮ್ಮಡಿಯ ಹಿಂದೆ ಒಂದು ಗೇಣು ನೆಲವೂ ಇರಲಿಲ್ಲ.

ಹಾರನ್ ಸದ್ದಿಗೆ ಬೆಚ್ಚಿ ಕಣ್ಣು ಬಿಟ್ಟೆ. ಹಿಂದಿನ ಲಾರಿಗೆ ಹೆದರಿದ ಕುರಿಗಳು ಹೈವೇ ಕಡೆ ಓಡುತ್ತಿದ್ದವು. ಯಾವಾಗ ಇಳಿದೆನೋ ಗೊತ್ತಿಲ್ಲ, ಮುಂದೆ ಹೋಗಿ ದುಪ್ಪಟ್ಟಾ ಹರಡಿ ನಿಂತಿದ್ದೆ. ಬೆನ್ನ ಹಿಂದೆಯೇ ಬಸ್ಸುಗಳು ಹಾರುತ್ತಿದ್ದವು. ಕುರಿಗಳು ತಿರುಗಿದವು.

ಕೋಲೂರಿಕೊಂಡು ಬಂದ, ಮಂದೆ ಕಾಯುವ ಮುದುಕಿ, ನಾನು ನಿಂತ ಜಾಗವನ್ನೊಮ್ಮೆ ನೋಡಿ ಕೇಳಿದಳು:

"ಯಾರ ಮೊಮ್ಮಗಳವ್ವ ನೀನು?"